ಐದು ದಿನಗಳ ಹಕ್ಕು

ಚುನಾವಣೆ ಹತ್ತಿರ ಬಂತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಈಗೀಗ ಒಂದು ಮಾತು ಕಿವಿಗೆ ಬೀಳುತ್ತದೆ: ‘ಅಂಗವಿಕಲರಿಗೆ ಮನೆ ಬಾಗಿಲಿಗೇ ಬಂದು ಓಟು ಹಾಕಿಸಿಕೊಳ್ತಾರಲ್ಲ, ಇನ್ನೇನು ಬೇಕು?’ ಪಕ್ಷಗಳ ಕಾರ್ಯಕರ್ತರು ಇದನ್ನು ಹೇಳುತ್ತಾರೆ, ಅಧಿಕಾರಿಗಳು ಹೇಳುತ್ತಾರೆ, ಅಂಗವಿಕಲರ ಬಗ್ಗೆ ನಿಜವಾದ ಕಾಳಜಿ ಇರುವವರೂ ಹೇಳುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಇಷ್ಟೆಲ್ಲ ವ್ಯವಸ್ಥೆ ಮಾಡಿದರೂ ಕೇಳಿಕೊಂಡು ಬಂದವರು ಬೆರಳೆಣಿಕೆಯಷ್ಟು, ಅಂದಮೇಲೆ ಬೇಕಾದವರೂ ಅಷ್ಟೇ ಇರಬೇಕು. ಮೊದಲನೆಯದು ಅರ್ಧ ನಿಜ. ಎರಡನೆಯದು ಪೂರ್ತಿ ತಪ್ಪು. ಹೆಚ್ಚು ಹಾನಿ ಮಾಡುವುದೂ ಅದೇ, ಏಕೆಂದರೆ ಆ ಲೆಕ್ಕವನ್ನು ನಂಬಿ ಒಂದು ಸಲ ಈಗಾಗಲೇ ನಿಯಮವನ್ನೇ ಕಿರಿದು ಮಾಡಿದ್ದಾಗಿದೆ.

ಆ ಲೆಕ್ಕ ಯಾವುದು ಎಂದು ನೋಡಬೇಕು. ಕರ್ನಾಟಕದಾದ್ಯಂತ ಮನೆಯಿಂದ ಮತದಾನ ಮೊದಲ ಸಲ ಜಾರಿಗೆ ಬಂದದ್ದು 2023ರ ಮೇ 10ರ ವಿಧಾನಸಭಾ ಚುನಾವಣೆಯಲ್ಲಿ. ಆಗ ರಾಜ್ಯದ ಮತದಾರರ ಪಟ್ಟಿಯಲ್ಲಿ ಅಂಗವಿಕಲರೆಂದು ಗುರುತಾಗಿದ್ದವರು ಸುಮಾರು 5.7 ಲಕ್ಷ. ಮನೆಯಿಂದ ಮತ ಹಾಕುತ್ತೇವೆಂದು ಒಪ್ಪಿಗೆ ಕೊಟ್ಟವರು ಅವರಲ್ಲಿ ಸುಮಾರು 19 ಸಾವಿರ. ನೂರಕ್ಕೆ ನಾಲ್ಕು ಜನರೂ ಆಗಲಿಲ್ಲ. ಈ ಸಂಖ್ಯೆಯನ್ನು ಮುಂದಿಟ್ಟುಕೊಂಡು ‘ಬೇಡಿಕೆ ಇಲ್ಲ’ ಎನ್ನುವವರು ಉಳಿದ ಐದೂವರೆ ಲಕ್ಷ ಮಂದಿಯನ್ನು ಒಂದೇ ಗುಂಪು ಎಂದು ತಿಳಿಯುತ್ತಾರೆ. ಆ ಗುಂಪಿನೊಳಗೆ ಮತಗಟ್ಟೆಗೆ ತಾವಾಗಿ ನಡೆದು ಹೋದವರಿದ್ದಾರೆ, ಹೋಗಲಾರದೆ ಮನೆಯಲ್ಲೇ ಉಳಿದವರಿದ್ದಾರೆ, ಹೀಗೊಂದು ಅವಕಾಶ ಇದೆಯೆಂದೇ ಗೊತ್ತಾಗದವರಿದ್ದಾರೆ, ಗೊತ್ತಾಗುವಷ್ಟರಲ್ಲಿ ಗಡುವು ಮುಗಿದವರಿದ್ದಾರೆ. ಇವರನ್ನೆಲ್ಲ ಬೇರೆಬೇರೆಯಾಗಿ ಎಣಿಸದೆ ‘ಬೇಡವೆಂದರು’ ಎಂಬ ತೀರ್ಮಾನಕ್ಕೆ ಬರುವುದು, ಬಸ್ಸೇ ಬಾರದ ಊರಿನಲ್ಲಿ ಟಿಕೆಟ್ ಮಾರಾಟ ಕಡಿಮೆ ಎಂದು ಹೇಳಿದ ಹಾಗೆ. ಇನ್ನೂ ಒಂದು ಮಾತಿದೆ. 2011ರ ಜನಗಣತಿ ಕರ್ನಾಟಕದಲ್ಲಿ ಎಣಿಸಿದ ಅಂಗವಿಕಲರು 13.24 ಲಕ್ಷ. ಅದರಲ್ಲಿ ಮಕ್ಕಳನ್ನು ಕಳೆಯಬೇಕು, ನ್ಯೂನತೆ ಶೇ. 40ಕ್ಕಿಂತ ಕಡಿಮೆ ಇರುವವರನ್ನೂ ಕಳೆಯಬೇಕು, ಒಪ್ಪುತ್ತೇನೆ. ಆದರೆ ಆ ಜನಗಣತಿ ಗುರುತಿಸಿದ್ದು ಎಂಟೇ ಬಗೆಯ ನ್ಯೂನತೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಇಪ್ಪತ್ತೊಂದು ಇವೆ. ಕಳೆಯುವುದನ್ನು ಕಳೆದು ಕೂಡಿಸುವುದನ್ನು ಕೂಡಿಸಿದರೆ, ಪಟ್ಟಿಯೊಳಗೇ ಬಾರದವರ ಸಂಖ್ಯೆ ಸಣ್ಣದಾಗಿರಲಾರದು. ಪಟ್ಟಿಯಲ್ಲಿ ಗುರುತಾಗದವರು ಕೇಳುವ ಹಾಗೆಯೇ ಇಲ್ಲ.

ಕೇಳುವ ಹಾಗಿಲ್ಲ ಎಂದದ್ದು ಅಕ್ಷರಶಃ. 2019ರ ಅಕ್ಟೋಬರ್‌ನಲ್ಲಿ 1961ರ ಚುನಾವಣಾ ನಿರ್ವಹಣಾ ನಿಯಮಗಳಿಗೆ ಕೇಂದ್ರ ಸರ್ಕಾರ ತಿದ್ದುಪಡಿ ತಂದು ‘ಗೈರುಹಾಜರಿ ಮತದಾರ’ ಎಂಬ ವರ್ಗವನ್ನು ವಿಸ್ತರಿಸಿತು. ಅಂಗವಿಕಲರು ಮತ್ತು ಎಂಬತ್ತು ದಾಟಿದವರು ಅದರೊಳಗೆ ಬಂದರು. ಆ ವರ್ಷವೇ ಜಾರ್ಖಂಡ್ ಚುನಾವಣೆಯ ಕೆಲವು ಕ್ಷೇತ್ರಗಳಲ್ಲಿ ಇದರ ಮೊದಲ ಪ್ರಯೋಗ ನಡೆಯಿತು. ಆದರೆ ಅದೇ ನಿಯಮ, ಅಂಗವಿಕಲ ಎಂದರೆ ಮತದಾರರ ಪಟ್ಟಿಯ ದತ್ತಾಂಶದಲ್ಲಿ ಹಾಗೆಂದು ಗುರುತು ಹಾಕಿಸಿಕೊಂಡವರು ಎಂದು ವ್ಯಾಖ್ಯಾನಿಸಿದೆ. ಅಂದರೆ ಮೊದಲು ವೈದ್ಯರ ಮುಂದೆ ಹೋಗಿ ಶೇ. 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯ ಪ್ರಮಾಣಪತ್ರ ಪಡೆಯಬೇಕು. ಅದಾದ ಮೇಲೆ ಪಟ್ಟಿಯಲ್ಲಿ ಗುರುತು ಹಾಕಿಸಬೇಕು. ಅದೂ ಆದ ಮೇಲೆ, ಚುನಾವಣಾ ಅಧಿಸೂಚನೆ ಹೊರಟ ಐದು ದಿನದೊಳಗೆ ನಮೂನೆ 12ಡಿ ತುಂಬಿ, ಪ್ರಮಾಣಪತ್ರದ ಪ್ರತಿ ಲಗತ್ತಿಸಿ ಚುನಾವಣಾಧಿಕಾರಿಗೆ ತಲುಪಿಸಬೇಕು. ಮೂರು ಹೊಸ್ತಿಲು. ಈ ಮೂರನ್ನೂ ಯಾರು ದಾಟಬೇಕು? ಮನೆಯ ಹೊಸ್ತಿಲು ದಾಟುವುದು ಕಷ್ಟ ಎಂದು ಕಾನೂನೇ ಒಪ್ಪಿಕೊಂಡ ಜನ ದಾಟಬೇಕು.

ಮಲೆನಾಡಿನಲ್ಲಿ ಐದು ದಿನ ಎಂದರೇನು ಎಂಬುದನ್ನು ಬಯಲುಸೀಮೆಯ ಕಣ್ಣಿನಿಂದ ಅಳೆಯಲಾಗದು. ನರಸಿಂಹರಾಜಪುರ ತಾಲ್ಲೂಕಿನ ಕಡಹಿನಬೈಲನ್ನೇ ತೆಗೆದುಕೊಳ್ಳಿ. ಹೆಸರಿನಲ್ಲೇ ಬೈಲು ಇದೆ. ಮಲೆನಾಡಿನ ಬೈಲಿನಲ್ಲಿ ತಗ್ಗಿಗೆ ಗದ್ದೆ, ಅಂಚಿಗೆ ಅಡಿಕೆ ತೋಟ, ಏರಿನ ಮೇಲೆ ಒಂದೊಂದೇ ಮನೆ. ಊರು ಎಂದರೆ ಒತ್ತಾಗಿ ಕೂತ ಮನೆಗಳ ಸಾಲಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲು ತೋಟ ಇಳಿಯಬೇಕು, ಹಳ್ಳದ ಮೇಲಿನ ಕಾಲುಸಂಕ ದಾಟಬೇಕು, ದಣಪೆ ಸರಿಸಿ ಧರೆ ಹತ್ತಬೇಕು. ಕೊಪ್ಪದ ಬಸರೀಕಟ್ಟೆಯ ಕಡೆ, ಶೃಂಗೇರಿಯ ಕಿಗ್ಗಾದ ಕಡೆ ಹೋದರೆ ಇಳಿಜಾರು ಇನ್ನೂ ಕಡಿದು. ಮತಗಟ್ಟೆ ಎರಡು ಕಿಲೋಮೀಟರ್‌ಗಿಂತ ದೂರ ಇರಬಾರದು ಎಂಬುದು ಚುನಾವಣಾ ಆಯೋಗದ ಮಾನದಂಡ. ಗಟ್ಟಿ ಕಾಲಿರುವವರಿಗೆ ಅದು ಅರ್ಧ ಗಂಟೆಯ ದಾರಿ. ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರಿಗೆ ಅದು ದಾರಿಯೇ ಅಲ್ಲ. ಕೊನೆ ತೆಗೆಯುವ, ಔಷಧಿ ಹೊಡೆಯುವ ಕೆಲಸದಲ್ಲಿ ಹೀಗೆ ಬೀಳುವವರು ಅಡಿಕೆ ಸೀಮೆಗೆ ಅಪರೂಪವಲ್ಲ. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಮಲೆನಾಡಿನಲ್ಲಿ ಸೊಂಟದ, ಮಂಡಿಯ ಕೀಲು ಸವೆಸಿ ದುಡಿಯುವ ವಯಸ್ಸಿನವರನ್ನೇ ಕುಗ್ಗಿಸುವ ಹಂದಿಗೋಡು ಕಾಯಿಲೆಯೂ ಇದೆ. ಅದಕ್ಕೆ ಸಿಕ್ಕಿದವರು ಹೆಚ್ಚಾಗಿ ಬಡ ದಲಿತ ಕುಟುಂಬದವರು. ಇಂಥವರ ಮನೆಗೆ ಮತಗಟ್ಟೆ ಮಟ್ಟದ ಅಧಿಕಾರಿ ಬಂದು ನಮೂನೆ ಕೊಟ್ಟು ತುಂಬಿಸಿಕೊಂಡು ಹೋಗಬೇಕು. ಬಿಎಲ್‌ಒ ಎಂದರೆ ಬಹುತೇಕ ಕಡೆ ಶಾಲೆಯ ಮೇಷ್ಟ್ರು ಅಥವಾ ಅಂಗನವಾಡಿ ಕಾರ್ಯಕರ್ತೆ. ತಮ್ಮ ಮೂಲ ಕೆಲಸದ ಜೊತೆಗೆ ಅವರು ಈ ಐದು ದಿನದಲ್ಲಿ ಎಷ್ಟು ಧರೆ ಹತ್ತಿಯಾರು? ತಪ್ಪು ಅವರದಲ್ಲ. ಕೆಲಸವನ್ನು ಐದು ದಿನಕ್ಕೆ ಕಟ್ಟಿಹಾಕಿದ ನಿಯಮದ್ದು.

ಆ ಐದು ದಿನ ಬೀಳುವ ಹೊತ್ತೂ ವಿಚಿತ್ರವಾದದ್ದು. 2023ರಲ್ಲಿ ಅಧಿಸೂಚನೆ ಬಂದದ್ದು ಏಪ್ರಿಲ್ 13ಕ್ಕೆ. ನಾಮಪತ್ರ ಸಲ್ಲಿಸಲು ಏಪ್ರಿಲ್ 20 ಕೊನೆ, ಹಿಂದಕ್ಕೆ ಪಡೆಯಲು 24. ಕಣದಲ್ಲಿ ಯಾರಿದ್ದಾರೆ ಎಂದು ಇಡೀ ಕ್ಷೇತ್ರಕ್ಕೆ ಗೊತ್ತಾಗುವ ಮೊದಲೇ, ತಾನು ಹೇಗೆ ಮತ ಹಾಕುತ್ತೇನೆ ಎಂಬುದನ್ನು ಅಂಗವಿಕಲ ಮತದಾರ ಬರೆದುಕೊಟ್ಟಿರಬೇಕು. ಬರೆದುಕೊಟ್ಟ ಮೇಲೆ ಹಿಂದೆ ಸರಿಯುವ ಹಾಗಿಲ್ಲ. ಮತಗಟ್ಟೆಯ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ‘ಪಿಬಿ’, ಅಂದರೆ ಅಂಚೆ ಮತ, ಎಂದು ಬೀಳುತ್ತದೆ. ಆಮೇಲೆ ಅವರು ಮತಗಟ್ಟೆಗೆ ಬಂದರೂ ಯಂತ್ರದಲ್ಲಿ ಮತ ಹಾಕಲಾರರು. ಮತ ಹಾಕಿಸಿಕೊಳ್ಳುವ ತಂಡ ಮನೆಗೆ ಬರುವುದು ಹೆಚ್ಚೆಂದರೆ ಎರಡು ಸಲ. ಆ ಎರಡು ದಿನವೂ ಮತದಾರ ಶಿವಮೊಗ್ಗದ ಆಸ್ಪತ್ರೆಯಲ್ಲೋ ಮಣಿಪಾಲದಲ್ಲೋ ಇದ್ದರೆ ಮನೆಯ ಓಟೂ ಹೋಯಿತು, ಮತಗಟ್ಟೆಯ ಓಟೂ ಹೋಯಿತು. ಉಳಿದ ಯಾವ ಮತದಾರನಿಗೂ ಇಂಥ ಪಣವಿಲ್ಲ. ಅವನು ಮತದಾನದ ದಿನ ಸಂಜೆಯವರೆಗೂ ಮನಸ್ಸು ಮಾಡಬಹುದು. ಅನುಮಾನವಿರುವವರು 12ಡಿಗೆ ಸಹಿ ಹಾಕದೆ ‘ನೋಡೋಣ, ಯಾರಾದರೂ ಕರೆದುಕೊಂಡು ಹೋದರೆ ಹೋದೆ’ ಎಂದುಕೊಳ್ಳುವುದು ಸಹಜ. ಅದನ್ನು ನಿರಾಸಕ್ತಿ ಎಂದು ಓದುವುದು ಅನ್ಯಾಯ.

ಹೀಗೆ ಓದಿದ್ದರ ಫಲ ಕಣ್ಣ ಮುಂದಿದೆ. 2024ರ ಮಾರ್ಚ್‌ನಲ್ಲಿ, ಲೋಕಸಭಾ ಚುನಾವಣೆಗೆ ಸ್ವಲ್ಪ ಮೊದಲು, ವೃದ್ಧರಿಗಿದ್ದ ವಯಸ್ಸಿನ ಮಿತಿಯನ್ನು ಎಂಬತ್ತರಿಂದ ಎಂಬತ್ತೈದಕ್ಕೆ ಏರಿಸಲಾಯಿತು. ಹಿಂದಿನ ವಿಧಾನಸಭಾ ಚುನಾವಣೆಗಳಲ್ಲಿ ಎಂಬತ್ತು ದಾಟಿದವರಲ್ಲಿ ನೂರಕ್ಕೆ 97–98 ಮಂದಿ ಮತಗಟ್ಟೆಯನ್ನೇ ಬಯಸಿದರು ಎಂಬುದು ಆಗ ಕೇಳಿಬಂದ ಸಮರ್ಥನೆ. ಬಯಸಿದರು ಎಂಬ ಪದವನ್ನು ಗಮನಿಸಬೇಕು. ಅರ್ಜಿ ಹಾಕದವರೆಲ್ಲ ಬಯಸಿದವರಾಗಿಬಿಟ್ಟರು. ಇದೇ ತರ್ಕ ನಾಳೆ ಅಂಗವಿಕಲರ ಕಡೆ ತಿರುಗಿ, ಶೇ. 40 ಇದ್ದದ್ದು 60 ಆಗಲಿ, 75 ಆಗಲಿ ಎಂದರೆ ತಡೆಯಲು ನಮ್ಮ ಬಳಿ ಯಾವ ಉತ್ತರವಿದೆ? ಆದ್ದರಿಂದ ಆಯೋಗ ಕ್ಷೇತ್ರವಾರು ನಾಲ್ಕು ಅಂಕಿಗಳನ್ನು ಒಟ್ಟಿಗೆ ಪ್ರಕಟಿಸಬೇಕು: ಹಂಚಿದ 12ಡಿ ಎಷ್ಟು, ತುಂಬಿ ಬಂದದ್ದು ಎಷ್ಟು, ತಿರಸ್ಕಾರವಾದದ್ದು ಎಷ್ಟು, ಗುರುತಾದ ಅಂಗವಿಕಲರಲ್ಲಿ ಎಲ್ಲಿಯೂ ಮತ ಹಾಕದೆ ಉಳಿದವರು ಎಷ್ಟು. ಬೇಡಿಕೆಯ ಮಾತನ್ನು ಆ ನಾಲ್ಕನೆಯ ಅಂಕಿ ಕೈಯಲ್ಲಿ ಹಿಡಿದು ಆಡಬೇಕು.

ಇನ್ನು ನೆರವಿನ ಮಾತು. ಮನೆಯಿಂದ ಮತದಾನ ಎಂದಾಗ ಮನಸ್ಸಿಗೆ ಬರುವುದು ಮತಗಟ್ಟೆಯೇ ಮನೆಗೆ ಬಂದ ಚಿತ್ರ. ಬರುವುದು ಮತಯಂತ್ರವಲ್ಲ, ಅಂಚೆ ಮತದ ಕಾಗದ. ಜಗಲಿಯ ಮೇಲೆ ನಡೆಯುವುದನ್ನು ಹತ್ತಿರದಿಂದ ನೋಡಿದರೆ ಹೀಗಿರುತ್ತದೆ: ಇಬ್ಬರು ಅಧಿಕಾರಿಗಳು, ಒಬ್ಬ ಪೊಲೀಸ್, ಒಬ್ಬ ವಿಡಿಯೋದವರು, ಬಂದರೆ ಅಭ್ಯರ್ಥಿಗಳ ಏಜೆಂಟರು, ಜೊತೆಗೆ ಮನೆಯವರು. ಮರೆಗೆ ಒಂದು ರಟ್ಟಿನ ಗೂಡು. ಮತಪತ್ರದ ಮೇಲೆ ಪೆನ್ನಿನಿಂದ ಗುರುತು ಮಾಡಬೇಕು. ಅದನ್ನು ಮಡಚಿ 13ಬಿ ಎಂಬ ಸಣ್ಣ ಲಕೋಟೆಗೆ ಹಾಕಿ ಅಂಟಿಸಬೇಕು. 13ಎ ಎಂಬ ಘೋಷಣಾ ಪತ್ರದಲ್ಲಿ ಮತಪತ್ರದ ಕ್ರಮಸಂಖ್ಯೆ ಬರೆದು, ಸಹಿ ಅಥವಾ ಹೆಬ್ಬೆಟ್ಟು ಹಾಕಿ, ಅಧಿಕಾರಿಯಿಂದ ದೃಢೀಕರಣ ಪಡೆಯಬೇಕು. ಎರಡನ್ನೂ 13ಸಿ ಎಂಬ ದೊಡ್ಡ ಲಕೋಟೆಗೆ ಸೇರಿಸಬೇಕು. ಎಣಿಕೆಯ ದಿನ ದೊಡ್ಡ ಲಕೋಟೆ ಒಡೆದಾಗ ಘೋಷಣೆಯಲ್ಲಿ ಸಹಿ ಅಥವಾ ದೃಢೀಕರಣ ಇಲ್ಲದಿದ್ದರೆ, ಅದರಲ್ಲಿನ ಕ್ರಮಸಂಖ್ಯೆಗೂ ಸಣ್ಣ ಲಕೋಟೆಯ ಮೇಲಿನದಕ್ಕೂ ತಾಳೆಯಾಗದಿದ್ದರೆ, ಒಳಗಿನ ಲಕೋಟೆಯನ್ನು ತೆರೆಯುವುದೇ ಇಲ್ಲ. ಮತದಾರ ಯಾರಿಗೆ ಹಾಕಿದ್ದ ಎಂಬುದು ಒಳಗೇ ಉಳಿದು ಮತ ತಿರಸ್ಕೃತವಾಗುತ್ತದೆ. ಯಂತ್ರದ ಗುಂಡಿ ಒತ್ತಿದವನ ಮತಕ್ಕೆ ಈ ಅಪಾಯ ಯಾವುದೂ ಇಲ್ಲ.

ಕಣ್ಣು ಕಾಣದವರಿಗಂತೂ ಈ ವ್ಯವಸ್ಥೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತದೆ. ಮತಗಟ್ಟೆಯ ಯಂತ್ರದಲ್ಲಿ ಬ್ರೈಲ್ ಅಂಕಿಗಳಿವೆ. ಬ್ರೈಲ್ ಬಲ್ಲವರು ಬೆರಳಿನಿಂದ ತಡವಿ, ಯಾರ ಹಂಗೂ ಇಲ್ಲದೆ ಗುಂಡಿ ಒತ್ತಬಹುದು. ಮನೆಗೆ ಬರುವ ಕಾಗದದಲ್ಲಿ ಅವರು ತಮಗಾಗಿ ಬೇರೆಯವರ ಕೈಯಿಂದ ಗುರುತು ಹಾಕಿಸಬೇಕು. ಗುಟ್ಟಾಗಿ ಮತ ಹಾಕುವ ಹಕ್ಕನ್ನು ಮನೆ ಬಾಗಿಲಿನ ಅನುಕೂಲಕ್ಕೆ ಒತ್ತೆ ಇಟ್ಟ ಹಾಗಾಯಿತು. ಇದಕ್ಕೆ ದಾರಿ ಇಲ್ಲವೆಂದಲ್ಲ. ಜರ್ಮನಿಯಲ್ಲಿ ಅಂಧರ ಸಂಘಗಳು ಮತಪತ್ರದ ಮೇಲೆ ಹೊಂದಿಸಿಡುವ, ರಂಧ್ರಗಳಿರುವ ಒಂದು ರಟ್ಟಿನ ಪಟ್ಟಿಯನ್ನು ಉಚಿತವಾಗಿ ಕೊಡುತ್ತವೆ. ಅದನ್ನಿಟ್ಟುಕೊಂಡು ಮನೆಯಿಂದ ಅಂಚೆ ಮತ ಹಾಕುವವರೂ ತಾವೇ ಗುರುತು ಮಾಡುತ್ತಾರೆ. ಲಕೋಟೆ, ರಟ್ಟಿನ ಗೂಡು, ವಿಡಿಯೋ ಕ್ಯಾಮೆರಾ ಎಲ್ಲವನ್ನೂ ಹೊತ್ತು ಧರೆ ಹತ್ತುವ ತಂಡಕ್ಕೆ ಅಂಥದೊಂದು ಪಟ್ಟಿ ಭಾರವಾಗದು.

ಇಲ್ಲಿ ಎದುರಾಗುವ ಆಕ್ಷೇಪ ಗಟ್ಟಿಯಾದದ್ದು, ತಳ್ಳಿಹಾಕುವಂಥದ್ದಲ್ಲ. ಮನೆಯೊಳಗೆ ಮತ ಹಾಕಿಸಿದರೆ ಮನೆಯವರೇ ಹಾಕಿಬಿಡುತ್ತಾರೆ, ಅವಕಾಶ ಹೆಚ್ಚಿಸಿದಷ್ಟೂ ದುರುಪಯೋಗ ಹೆಚ್ಚುತ್ತದೆ ಎನ್ನುತ್ತಾರೆ. ಮಲೆನಾಡಿನ ತೋಟಗಳ ಲೈನ್ ಮನೆಗಳನ್ನು ಬಲ್ಲವರಿಗೆ ಈ ಭಯ ಸುಳ್ಳೆನಿಸುವುದಿಲ್ಲ. ಸೂರೂ ಕೂಲಿಯೂ ಒಬ್ಬನೇ ಧಣಿಯ ಕೈಯಲ್ಲಿರುವಾಗ ಅವನ ಮುಂದೆ ಇಲ್ಲ ಎನ್ನುವುದು ಸುಲಭವಲ್ಲ. ಆದರೆ ಈ ಭಯಕ್ಕೆ ಮದ್ದು ಮನೆಯ ಮತದಾನವನ್ನು ಬಿಗಿ ಮಾಡುವುದರಲ್ಲಿಲ್ಲ, ನೆರವು ಕೊಡುವವರು ಯಾರು ಎಂಬುದನ್ನು ಬಿಗಿ ಮಾಡುವುದರಲ್ಲಿದೆ. ನಮ್ಮ ನಿಯಮ 49ಎನ್ ಸಹಾಯಕನಿಗೆ ಹದಿನೆಂಟು ತುಂಬಿರಬೇಕು, ಒಂದು ದಿನ ಒಬ್ಬರಿಗಿಂತ ಹೆಚ್ಚು ಮಂದಿಗೆ ಅವನು ಸಹಾಯಕನಾಗಬಾರದು, ಗುಟ್ಟು ಕಾಯುತ್ತೇನೆಂದು ಬರೆದುಕೊಡಬೇಕು ಎನ್ನುತ್ತದೆ. ಅವನು ಮತದಾರನ ಧಣಿಯಾಗಿರಬಾರದು ಎನ್ನುವುದಿಲ್ಲ. ಅಮೆರಿಕದ ಮತದಾನ ಹಕ್ಕುಗಳ ಕಾಯ್ದೆಗೆ 1982ರಲ್ಲಿ ಸೇರಿದ 208ನೇ ಸೆಕ್ಷನ್, ಅಂಧ ಅಥವಾ ಅಂಗವಿಕಲ ಮತದಾರ ತನಗೆ ಬೇಕಾದವರ ನೆರವು ಪಡೆಯಬಹುದು, ಆದರೆ ಆ ನೆರವಿಗ ಅವನ ಉದ್ಯೋಗದಾತನೋ, ಉದ್ಯೋಗದಾತನ ಏಜೆಂಟನೋ, ಅವನ ಕಾರ್ಮಿಕ ಸಂಘದ ಪದಾಧಿಕಾರಿಯೋ ಆಗಿರಬಾರದು ಎಂದು ಸ್ಪಷ್ಟವಾಗಿ ಹೇಳುತ್ತದೆ. 2022ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಪ್ರತಿಯೊಬ್ಬರೂ ತಮ್ಮ ಅಂಚೆ ಮತವನ್ನು ತಾವೇ ತಲುಪಿಸಬೇಕೆಂಬ ಗೊಂದಲ ಎದ್ದಾಗ, ಕೈಕಾಲು ಆಡದವರು ಬೇರೆಯವರಿಂದ ತಲುಪಿಸಬಹುದು ಎಂದು ಫೆಡರಲ್ ನ್ಯಾಯಾಲಯ ಇದೇ ಕಾಯ್ದೆಯ ಬಲದಿಂದ ಹೇಳಿತು. ಅಲ್ಲಿನ ಕಾನೂನು ವಂಚನೆಯ ಭಯವನ್ನೂ ನೆರವಿನ ಹಕ್ಕನ್ನೂ ಒಂದೇ ವಾಕ್ಯದೊಳಗೆ ಹೊಂದಿಸಿದೆ. ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 29ನೇ ವಿಧಿಯೂ ಗುಟ್ಟಿನ ಮತ ಮತ್ತು ತಾನೇ ಆರಿಸಿದವರ ನೆರವು, ಎರಡನ್ನೂ ಒಟ್ಟಿಗೆ ಇಟ್ಟಿದೆ.

ಒಂದಿಷ್ಟು ಓಟಿಗಾಗಿ ಇಷ್ಟು ಖರ್ಚೇ, ಒಂದು ಮನೆಗೆ ನಾಲ್ವರು ಸಿಬ್ಬಂದಿಯೇ ಎನ್ನುವವರಿಗೆ ಉತ್ತರ ಈ ಕ್ಷೇತ್ರದಲ್ಲೇ ಇದೆ. ಕಡಹಿನಬೈಲು ಸೇರಿರುವ ಶೃಂಗೇರಿ ವಿಧಾನಸಭಾ ಕ್ಷೇತ್ರದಲ್ಲಿ 2023ರ ಮೇ 13ರಂದು ಘೋಷಣೆಯಾದ ಫಲಿತಾಂಶದ ಅಂತರ 201 ಮತ. ಕಾಂಗ್ರೆಸ್ಸಿನ ಟಿ.ಡಿ. ರಾಜೇಗೌಡರು ಬಿಜೆಪಿಯ ಡಿ.ಎನ್. ಜೀವರಾಜ್ ಅವರಿಗಿಂತ ಅಷ್ಟೇ ಮುಂದಿದ್ದರು. ವಿಷಯ ಹೈಕೋರ್ಟಿಗೆ ಹೋಯಿತು. ತಿರಸ್ಕೃತ ಅಂಚೆ ಮತಗಳ ಪ್ರಶ್ನೆ ಆ ತಕರಾರಿನ ನಡುವೆಯೇ ಇತ್ತು. ಅಂಚೆ ಮತದಾರರಲ್ಲಿ ಚುನಾವಣಾ ಕರ್ತವ್ಯದ ನೌಕರರೂ ಸೇರಿರುತ್ತಾರೆ, ಆದ್ದರಿಂದ ಅದನ್ನು ಅಂಗವಿಕಲರ ತಕರಾರು ಎಂದು ನಾನು ಹೇಳುತ್ತಿಲ್ಲ. ಹೇಳುವುದು ಇಷ್ಟೇ: ಒಂದು ಸಹಿ, ಒಂದು ಕ್ರಮಸಂಖ್ಯೆ ತಪ್ಪಿದ ಲಕೋಟೆಗಳಿಗೆ ಎಷ್ಟು ತೂಕವಿದೆ ಎಂಬುದನ್ನು ಈ ಮೂರು ತಾಲ್ಲೂಕಿನವರಿಗೆ ಬೇರೆಯವರು ಕಲಿಸಬೇಕಾಗಿಲ್ಲ. ಗೆಲುವಿನ ಅಂತರ ತಿರಸ್ಕೃತ ಅಂಚೆ ಮತಗಳಿಗಿಂತ ಕಡಿಮೆಯಿದ್ದರೆ ಅವನ್ನೆಲ್ಲ ಮತ್ತೆ ಪರಿಶೀಲಿಸಬೇಕೆಂದು ಆಯೋಗವೇ ಸೂಚಿಸಿದೆ. ಖರ್ಚಿನ ಬಗ್ಗೆ ಹೇಳುವುದಾದರೆ, ಗುಜರಾತಿನ ಗಿರ್ ಕಾಡಿನ ಬಾಣೇಜ್‌ನಲ್ಲಿ ಒಬ್ಬನೇ ಮತದಾರನಿಗಾಗಿ ಮತಗಟ್ಟೆ ತೆರೆಯುವ ದೇಶ ನಮ್ಮದು, ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಹೆಮ್ಮೆ ಸರಿಯಾದದ್ದೇ. ಅದು ಕಾಲುಸಂಕದಾಚೆಯ ಒಂಟಿ ಮನೆಗೂ ಸಲ್ಲಬೇಕು.

ಎಲ್ಲಕ್ಕಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಆಕ್ಷೇಪ ಅಂಗವಿಕಲರ ಹಕ್ಕಿಗಾಗಿ ದುಡಿಯುವವರಿಂದಲೇ ಬರುವಂಥದ್ದು. ಮನೆಯಲ್ಲೇ ಹಾಕಿ ಎಂದರೆ ಮನೆಯಲ್ಲೇ ಇರಿ ಎಂದ ಹಾಗೆ. ಊರೆಲ್ಲ ಶಾಲೆಯ ಅಂಗಳದಲ್ಲಿ ಸಾಲು ನಿಂತಿರುವಾಗ ನಮ್ಮನ್ನು ಜಗಲಿಯಲ್ಲಿ ಕೂರಿಸುತ್ತೀರಿ, ರ‍್ಯಾಂಪ್ ಕಟ್ಟುವ ಕೆಲಸದಿಂದ ಸರ್ಕಾರ ಪಾರಾಗುತ್ತದೆ ಎಂಬ ಆತಂಕ. ಇದು ನ್ಯಾಯವಾದದ್ದು. ಮತಗಟ್ಟೆಗಳಲ್ಲಿ ರ‍್ಯಾಂಪ್ ಬಂದದ್ದು ಯಾರ ದಯೆಯಿಂದಲೂ ಅಲ್ಲ. ದೆಹಲಿಯ ಡಿಸೇಬಲ್ಡ್ ರೈಟ್ಸ್ ಗ್ರೂಪ್ ಹೋರಾಡಿ 2004ರಲ್ಲಿ ಸುಪ್ರೀಂ ಕೋರ್ಟಿನಿಂದ ಆದೇಶ ತಂದ ಮೇಲೆ. 2016ರ ಕಾಯ್ದೆಯ 11ನೇ ಸೆಕ್ಷನ್ ಎಲ್ಲ ಮತಗಟ್ಟೆಗಳೂ ಅಂಗವಿಕಲರಿಗೆ ಎಟುಕುವಂತಿರಬೇಕು ಎಂದು ಆಯೋಗಕ್ಕೆ ಹೊಣೆ ಹೊರಿಸಿದೆ. 12ಡಿ ಬಂದಿತೆಂದು ಆ ಹೊಣೆ ಕಳಚುವುದಿಲ್ಲ. ಮತದಾನದ ಮರುದಿನ ಪತ್ರಿಕೆಯಲ್ಲಿ ಕುರ್ಚಿಯಲ್ಲಿ ಕೂತವರನ್ನು ನಾಲ್ವರು ಹೊತ್ತು ತಂದ ಚಿತ್ರ ಪ್ರಜಾಪ್ರಭುತ್ವದ ಗೆಲುವೆಂದು ಅಚ್ಚಾಗುತ್ತದೆ. ಹೊರುವವರು ಸಿಕ್ಕಿದ್ದಕ್ಕೆ ಅವರು ಬಂದರು. ಸಿಗದವರ ಚಿತ್ರ ಯಾರೂ ತೆಗೆಯುವುದಿಲ್ಲ. ರ‍್ಯಾಂಪ್ ಮತ್ತು ಅಂಚೆ ಮತ ಒಂದಕ್ಕೊಂದು ಬದಲಿ ಎಂದು ತಿಳಿದಾಗ ಮಾತ್ರ ಈ ಜಗಳ ಹುಟ್ಟುತ್ತದೆ. ಎರಡೂ ಇದ್ದು, ಮತದಾನದ ದಿನದವರೆಗೂ ಆಯ್ಕೆ ಮತದಾರರ ಕೈಯಲ್ಲಿರಬೇಕು. ಮನೆಯಲ್ಲಿ ಮತ ಹಾಕಿರದಿದ್ದರೆ ‘ಪಿಬಿ’ ಗುರುತನ್ನು ತೆಗೆದು ಮತಗಟ್ಟೆಗೆ ಬಿಡುವುದು ಲೆಕ್ಕ ಇಡಲಾಗದ ಕೆಲಸವೇನಲ್ಲ.

ಮಾಡಬೇಕಾದದ್ದಕ್ಕೆ ಹೊಸ ಇಲಾಖೆಯೇನೂ ಬೇಡ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಜನ ವಿಆರ್‌ಡಬ್ಲ್ಯು ಎಂದೇ ಕರೆಯುತ್ತಾರೆ. ಗೌರವಧನಕ್ಕೆ ದುಡಿಯುವ, ಹೆಚ್ಚಾಗಿ ತಾವೂ ಅಂಗವಿಕಲರೇ ಆದ ಇವರಿಗೆ ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂಬುದು ಬಿಎಲ್‌ಒಗಿಂತ ಚೆನ್ನಾಗಿ ಗೊತ್ತು. ಶೇ. 40ರ ಪ್ರಮಾಣಪತ್ರ ನೋಡಿಯೇ ಸರ್ಕಾರ ಪ್ರತಿ ತಿಂಗಳು ಅಂಗವಿಕಲರ ಮಾಸಾಶನ ಕೊಡುತ್ತಿದೆ. ಆ ಪಟ್ಟಿ ತಾಲ್ಲೂಕು ಕಚೇರಿಯಲ್ಲೇ ಇದೆ, ತಹಶೀಲ್ದಾರರೇ ಚುನಾವಣೆಯ ಕೆಲಸವನ್ನೂ ನೋಡುತ್ತಾರೆ. ಒಂದೇ ಕಚೇರಿಯ ಎರಡು ಪಟ್ಟಿಗಳನ್ನು ತಾಳೆ ನೋಡಿ, ಮತದಾರರ ಒಪ್ಪಿಗೆ ಪಡೆದು ಗುರುತು ಹಾಕಿದರೆ ಮೊದಲ ಎರಡು ಹೊಸ್ತಿಲು ಇಲ್ಲವಾಗುತ್ತವೆ. ಮೂರನೆಯದಕ್ಕೆ, ಪ್ರತಿ ಚುನಾವಣೆಗೂ ಹೊಸದಾಗಿ ಕೇಳುವ 12ಡಿ ಬದಲು, ಒಮ್ಮೆ ಕೊಟ್ಟರೆ ಹಿಂದಕ್ಕೆ ಪಡೆಯುವವರೆಗೂ ನಡೆಯುವ ಒಪ್ಪಿಗೆ ಸಾಕು. ವಾಸಿಯಾಗದ ನ್ಯೂನತೆಯನ್ನು ಐದೈದು ವರ್ಷಕ್ಕೊಮ್ಮೆ, ಐದು ದಿನದೊಳಗೆ, ಮತ್ತೆ ಮತ್ತೆ ನಿರೂಪಿಸು ಎನ್ನುವುದರಲ್ಲಿ ಯಾವ ಅರ್ಥವೂ ಇಲ್ಲ.

ಇಷ್ಟಾದರೂ ಒಂದು ಚುನಾವಣೆ ಹೊರಗೇ ಉಳಿಯುತ್ತದೆ, ಕಡಹಿನಬೈಲಿನಂಥ ಊರಿಗೆ ಎಲ್ಲಕ್ಕಿಂತ ಹತ್ತಿರದ್ದು. 2019ರ ತಿದ್ದುಪಡಿ ಆದದ್ದು ಲೋಕಸಭೆ, ವಿಧಾನಸಭೆಗಳ ನಿಯಮಕ್ಕೆ. ಗ್ರಾಮ ಪಂಚಾಯಿತಿ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, 1993ರ ಪಂಚಾಯತ್ ರಾಜ್ ಕಾಯ್ದೆಯ ಅಡಿಯಲ್ಲಿ. 12ಡಿ ಅಲ್ಲಿಗೆ ಅನ್ವಯಿಸುವುದಿಲ್ಲ. 2016ರ ಕಾಯ್ದೆಯ 11ನೇ ಸೆಕ್ಷನ್ ರಾಜ್ಯ ಆಯೋಗಗಳನ್ನೂ ಹೆಸರಿಸಿಯೇ ಹೊಣೆ ಮಾಡಿದ್ದರೂ, ಆ ಬಾಗಿಲು ಇನ್ನೂ ತೆರೆದಿಲ್ಲ. ಪಂಚಾಯಿತಿ ಚುನಾವಣೆಯಲ್ಲಿ ಒಂದು ವಾರ್ಡಿನ ಸೋಲು ಗೆಲುವು ಹತ್ತು ಮತದೊಳಗೆ ತೀರ್ಮಾನವಾಗುವುದು ಹೊಸದಲ್ಲ. ಹಳ್ಳದ ಮೇಲಿನ ಕಾಲುಸಂಕಕ್ಕೆ ಹಿಡಿಗಂಬಿ ಹಾಕಿಸಬೇಕೇ, ಮನೆಯವರೆಗೆ ಗಾಲಿಕುರ್ಚಿ ಬರುವಷ್ಟು ಅಗಲದ ದಾರಿ ಮಾಡಿಸಬೇಕೇ ಎಂದು ಗೊತ್ತುವಳಿ ಮಾಡುವುದು ಆ ಪಂಚಾಯಿತಿ. ಆ ಸಂಕ ದಾಟಲಾರದೆ ಮನೆಯಲ್ಲಿ ಕೂತವರಿಗೆ, ಅದೇ ಪಂಚಾಯಿತಿಯ ಸದಸ್ಯನನ್ನು ಆರಿಸಲು ಮಾತ್ರ, ಮನೆ ಬಾಗಿಲಿಗೆ ಯಾರೂ ಬರುವುದಿಲ್ಲ.